ಹೊನ್ನೇಮರಡು: ಹಿನ್ನೀರಿನ ದಡದಲ್ಲಿ ದೋಣಿ ಕಲಿಸುವ ಊರು

ಶರಾವತಿ ಹಿನ್ನೀರಿನ ದಡದಲ್ಲಿರುವ ಹೊನ್ನೇಮರಡು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಪುಟ್ಟ ಊರು. ಸಾಗರ ಪೇಟೆಯಿಂದ ಸುಮಾರು 25 ಕಿ.ಮೀ. ದೂರ. ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಬರುವ ರಾತ್ರಿ ರೈಲು ಬೆಳಗಿನ ಹೊತ್ತಿಗೆ ತಾಳಗುಪ್ಪ ಮುಟ್ಟಿಸುತ್ತದೆ. ಅಲ್ಲಿಂದ ಜೋಗದ ರಸ್ತೆ ಹಿಡಿದು ಊರಿನ ಕವಲಿಗೆ ಹೊರಳಿದರೆ ಅಡಿಕೆ ತೋಟ, ಕಾಡು ದಾಟಿದ ದಾರಿ ನೀರಿನ ಅಂಚಿನಲ್ಲಿ ಮುಗಿಯುತ್ತದೆ. ಮುಂದೆ ಕಣ್ಣು ಹಾಯುವಷ್ಟೂ ನೀರು, ನಡುನಡುವೆ ಗುಡ್ಡದ ನೆತ್ತಿಗಳೇ ದ್ವೀಪಗಳಾಗಿ ಉಳಿದಿವೆ. ನೀರಾಟದ ಆಸೆಯುಳ್ಳ ಕುಟುಂಬ ನಾಲ್ಕಾರು ದಿನ ಬಿಡಾರ ಹೂಡಲು ಮಲೆನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ.

ಇದು ಹುಟ್ಟಾ ಕೆರೆಯಲ್ಲ. ಶರಾವತಿಗೆ ಅಡ್ಡಲಾಗಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ 1948ರ ಹೊತ್ತಿಗೆ ಮುಗಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಸಿದ್ಧವಾದಾಗ ಆ ಹಳೆಯ ಕಟ್ಟೆಯೂ ಮುಳುಗಿತು. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ, ಸಾಮರ್ಥ್ಯ ಸುಮಾರು 151 ಟಿಎಂಸಿ ಅಡಿ. ಇದರ ನೀರು ತಳಕಳಲೆ ಜಲಾಶಯದ ಮೂಲಕ 1,035 ಮೆಗಾವಾಟ್‌ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ.

ವಿದ್ಯುತ್ತಿಗೆಂದು ಕಟ್ಟಿದ ಜಲಾಶಯವಾದ್ದರಿಂದ ಇಲ್ಲಿನ ದಡ ಒಂದೆಡೆ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ತುಂಬಿದ ನೀರು ವಿದ್ಯುತ್‌ ಉತ್ಪಾದನೆಗೆ ಹರಿದಂತೆಲ್ಲ ಇಳಿಯುತ್ತ ಹೋಗುತ್ತದೆ. ಏಪ್ರಿಲ್‌, ಮೇ ಹೊತ್ತಿಗೆ ದೋಣಿ ಮುಟ್ಟಬೇಕಾದರೆ ಕೆಂಪು ಮಣ್ಣಿನ ಬಯಲಲ್ಲಿ ನಡೆಯಬೇಕು. ಅರವತ್ತು ವರ್ಷ ನೀರಿನಡಿ ಇದ್ದ ಮರದ ಬೊಡ್ಡೆಗಳು ಆಗ ಕರ್ರಗೆ ಎದ್ದು ಕಾಣುತ್ತವೆ. ನೀರು ತೀರಾ ಕಡಿಮೆಯಾದ ವರ್ಷ ಮಡೆನೂರಿನ ಹಳೆಯ ಕಟ್ಟೆಯೂ ಹೊರಬರುತ್ತದೆ. ಆ ಬೊಡ್ಡೆಗಳನ್ನು ಬೇಸಿಗೆಯಲ್ಲಿ ಒಮ್ಮೆ ಕಂಡವರು ಮಳೆಗಾಲ ಕಳೆದ ಮೇಲೆ ಗೊತ್ತಿಲ್ಲದ ಜಾಗದಲ್ಲಿ ಧುಮುಕುವ ಸಾಹಸ ಮಾಡಲಾರರು. ತುಂಬಿದ ನೀರಿನಲ್ಲಿ ಅವು ಕಾಣದಂತೆ ಅಡಗಿರುತ್ತವೆ. ಅಕ್ಟೋಬರ್‌ನಿಂದ ಜನವರಿವರೆಗಿನ ಕಾಲವೇ ಕುಟುಂಬಗಳಿಗೆ ಹೇಳಿ ಮಾಡಿಸಿದ್ದು: ನೀರು ದಡದವರೆಗೂ ಇರುತ್ತದೆ, ಮಳೆಯ ರಭಸ, ಉಂಬಳದ ಕಾಟ ಎರಡೂ ತಗ್ಗಿರುತ್ತವೆ.

ಊರಿನ ಹೆಸರು ಹೊರಗೆ ಹಬ್ಬಿದ್ದು ಇಲ್ಲಿನ ಜಲಸಾಹಸ ಶಿಬಿರಗಳಿಂದ. ಕಯಾಕ್‌, ಕನೂ, ಹರಿಗೋಲು ಹೀಗೆ ಕೈಯಿಂದ ಹುಟ್ಟು ಹಾಕಿ ನಡೆಸುವ ದೋಣಿಗಳೇ ಇಲ್ಲಿ ಮುಖ್ಯ. ಮೋಟಾರ್‌ ಅಬ್ಬರವಿಲ್ಲದ್ದರಿಂದ ಹುಟ್ಟು ನೀರಿಗೆ ಬಿದ್ದ ಸದ್ದೂ ಕೇಳಿಸುತ್ತದೆ. ಮಕ್ಕಳಿಗೆ ನೀರಿನ ಗುಣ ಅರ್ಥವಾಗುವುದು ಇಂಥ ಕಡೆಯೇ. ವೇಗದ ದೋಣಿಯಲ್ಲಿ ಕೂತು ಒಂದು ಸುತ್ತು ಬಂದ ಮಗು ಕಲಿಯುವುದು ಏನೂ ಇಲ್ಲ. ತಾನೇ ಹುಟ್ಟು ಹಿಡಿದ ಮಗು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಅರ್ಧ ಗಂಟೆಯಲ್ಲಿ ಹೇಳಬಲ್ಲದು.

ಹೊಸಬರನ್ನು ಹೆಚ್ಚು ಆಡಿಸುವುದು ಹರಿಗೋಲು. ಮೊರದಂತೆ ದುಂಡಗಿರುವ ಇದಕ್ಕೆ ಹಿಂದು ಮುಂದು ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಕೂತಲ್ಲೇ ಗಿರಗಿರ ತಿರುಗುತ್ತದೆಯೇ ಹೊರತು ಒಂದು ಮಾರೂ ಮುಂದೆ ಹೋಗದು. ಬಲ್ಲವರು ಹೋಗಬೇಕಾದ ದಿಕ್ಕಿಗೇ ಮುಖಮಾಡಿ ಕುಕ್ಕರುಗಾಲಲ್ಲಿ ಕೂತು, ಹುಟ್ಟನ್ನು ಎದುರಿಗೆ ಚಾಚಿ ನೀರಿಗಿಳಿಸಿ, ಎಡಕ್ಕೂ ಬಲಕ್ಕೂ ಓರೆಯಾಗಿ ಎಳೆಯುತ್ತ ನೀರನ್ನು ತಮ್ಮತ್ತ ಬಾಚಿಕೊಳ್ಳುತ್ತಾರೆ. ಭುಜಕ್ಕಿಂತ ಮಣಿಕಟ್ಟಿನ ಕೆಲಸವೇ ಹೆಚ್ಚು. ಸಾಂಪ್ರದಾಯಿಕ ಹರಿಗೋಲು ಬಿದಿರಿನದು: ಹಸಿ ಬಿದಿರನ್ನು ಸೀಳಿ, ದಬ್ಬೆ ಹೆರೆದು, ನಡುವಿನಿಂದ ಆರು ಮೂಲೆಯ ಕಣ್ಣು ಬರುವಂತೆ ಹೆಣೆದು, ಅಂಚನ್ನು ಮೇಲಕ್ಕೆ ಬಗ್ಗಿಸಿ ದಪ್ಪ ಬಳೆ ಕಟ್ಟುತ್ತಾರೆ. ಹೊರಮೈಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಪ್ಲಾಸ್ಟಿಕ್‌ ಹಾಳೆ, ಅದರ ಮೇಲೆ ಡಾಂಬರು ಬಂತು. ಈಗ ಹಲವು ಪ್ರವಾಸಿ ತಾಣಗಳಲ್ಲಿ ಫೈಬರ್‌ ಹರಿಗೋಲು ಬಂದು ಹೆಣೆಯುವ ಕೈಗಳಿಗೆ ಕೆಲಸ ಕಡಿಮೆಯಾಗಿದೆ. ಫೈಬರಿನದು ಬಾಳಿಕೆ ಬರುತ್ತದೆ, ನಿಜ. ಆದರೆ ಬಿದಿರಿನದನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ದಡ ಹತ್ತಬಹುದು, ಹರಿದರೆ ಅಲ್ಲೇ ತೇಪೆ ಹಾಕಬಹುದು. ಶಿಬಿರಕ್ಕೆ ಬರುವ ಮಕ್ಕಳಿಗೆ ಹುಟ್ಟು ಹಾಕುವುದರ ಜೊತೆಗೆ ಈ ಹೆಣಿಗೆಯನ್ನೂ ತೋರಿಸುವ ಏರ್ಪಾಡು ಆಗಲೇಬೇಕು.

ಜೀವರಕ್ಷಕ ಜಾಕೆಟ್‌ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ಬಿಗಿದು ಕಟ್ಟಿದರೆ ಪ್ರಯೋಜನವಿಲ್ಲ. ನೀರಿಗೆ ಬಿದ್ದಾಗ ಜಾಕೆಟ್‌ ಮೇಲಕ್ಕೆದ್ದು ಮಗು ಕೆಳಕ್ಕೆ ಜಾರುತ್ತದೆ. ಮಗುವಿನ ತೂಕಕ್ಕೆ ತಕ್ಕದ್ದಾಗಿರಬೇಕು, ಚಿಕ್ಕವರಿಗೆ ತೊಡೆಸಂದಿನಲ್ಲಿ ಹಾಯುವ ಪಟ್ಟಿಯೂ ಇರಬೇಕು. ಹೆಗಲ ಬಳಿ ಹಿಡಿದು ಎತ್ತಿ ನೋಡಿದಾಗ ಜಾಕೆಟ್‌ ಗದ್ದ ದಾಟಿ ಮೇಲೆ ಬಂದರೆ ಅದು ದೊಡ್ಡದಾಯಿತೆಂದೇ ಅರ್ಥ. ಬೆಳಿಗ್ಗೆ ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಹೊತ್ತೇರಿದಂತೆ ಗಾಳಿ ಎದ್ದು ಬಯಲು ನೀರಿನಲ್ಲಿ ಅಲೆ ಏಳುತ್ತದೆ. ಹಾಗಾಗಿ ದ್ವೀಪಕ್ಕೆ ಹೋಗಿಬರುವುದೆಲ್ಲ ಬೆಳಗಿನ ಪಾಳಿಯಲ್ಲೇ ಮುಗಿಯಬೇಕು. ದೋಣಿ ಮಗುಚಿದರೆ ಈಜಿ ದಡ ಸೇರುವ ಹುಮ್ಮಸ್ಸು ಬೇಡ, ದೋಣಿಯನ್ನೇ ಹಿಡಿದು ತೇಲಬೇಕು.

ಇಷ್ಟು ಚಂದದ ದಡದಲ್ಲಿ ತುಂಡು ಜಾಗ ಕೊಂಡು ಮನೆ ಕಟ್ಟೋಣ ಎಂಬ ಆಸೆ ಹಲವರಿಗೆ ಹುಟ್ಟುತ್ತದೆ. ಇಲ್ಲಿ ನೆಲದ ಮಾತು ಬಂದರೆ ಹಳೆಯ ಗಾಯ ಕೆದರುತ್ತದೆ. ಅಣೆಕಟ್ಟೆಗಾಗಿ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೇವಸ್ಥಾನ ಬಿಟ್ಟು ಎದ್ದವು. ನಾಡಿಗೆಲ್ಲ ದೀಪ ಕೊಟ್ಟವರಲ್ಲಿ ಅನೇಕರ ಮೊಮ್ಮಕ್ಕಳು ಇಂದಿಗೂ ಉಳುವ ನೆಲದ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಅವರಿಗೆ ಕೊಟ್ಟ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿದದ್ದು ಈ ತೊಡಕಿನ ಮೂಲ. ಮುಳುಗಡೆ ಸಂತ್ರಸ್ತರ ಹೆಸರಿನಲ್ಲಿ ಸರ್ಕಾರಗಳು ಬದಲಾದಾಗಲೆಲ್ಲ ಭರವಸೆ ಬಂದಿದೆ, ಅನೇಕರಿಗೆ ಪತ್ರ ಮಾತ್ರ ಬಂದಿಲ್ಲ. ಅರಣ್ಯ, ಜಲಾಶಯದ ಸ್ವಾಧೀನ ಭೂಮಿ, ಕಂದಾಯ ಭೂಮಿ ಮೂರೂ ಬೆರೆತ ಈ ದಡದಲ್ಲಿ ಹೊರಗಿನವರು ಜಾಗ ಕೊಳ್ಳುವುದು ಜಾಣತನವಲ್ಲ, ನ್ಯಾಯವೂ ಅಲ್ಲ. ಸುತ್ತಲಿನ ಹಳ್ಳಿಗಳ ಹೋಮ್‌ಸ್ಟೇಗಳಲ್ಲಿ ಉಳಿದರೆ ಹಣ ಊರಿನವರ ಕೈಗೇ ಸೇರುತ್ತದೆ.

ರಭಸದ ನೀರಿನಲ್ಲಿ ರ‍್ಯಾಫ್ಟಿಂಗ್‌ ಬೇಕೆನ್ನುವವರಿಗೆ ಕಾಳಿ ನದಿಯ ಗಣೇಶಗುಡಿ ಸರಿ, ಅಲೆ ಸವಾರಿಗೆ ಮೂಲ್ಕಿಯ ಕಡಲು. ಇದೇ ಹಿನ್ನೀರಿನ ಇನ್ನೊಂದು ಮಗ್ಗುಲಲ್ಲಿ ಕಾರ್ಗಲ್‌ ಸಮೀಪದ ಮುಪ್ಪಾನೆ ಇದೆ. ಸಿಗಂದೂರಿಗೆ ಹೋಗುವವರು ಲಾಂಚ್‌ನಲ್ಲಿ ದಾಟುತ್ತಿದ್ದ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಆ ಕಡೆಯ ಹಳ್ಳಿಗಳಿಗೂ ಪ್ರವಾಸಿಗರು ಹೆಚ್ಚಿದ್ದಾರೆ. ತರಬೇತುದಾರರಿಲ್ಲದ, ಜಾಕೆಟ್‌ ಕೊಡದ ದೋಣಿಗೆ ಅಲ್ಲಿಯೂ ಹತ್ತಬಾರದು.

ಹೊನ್ನೇಮರಡಿಗೆ ಹೋಗುವವರು ಮೊದಲೇ ಮಾತಾಡಿ ಜಾಗ ಗೊತ್ತುಮಾಡಿಕೊಳ್ಳಬೇಕು. ದೊಡ್ಡ ಆಸ್ಪತ್ರೆಗೆ ಸಾಗರಕ್ಕೇ ಹೋಗಬೇಕಾದ್ದರಿಂದ ಔಷಧಿ ಜೊತೆಗಿರಲಿ, ಪುಟ್ಟ ಮಕ್ಕಳಿದ್ದರೆ ಅವರ ಅಳತೆಯ ಜಾಕೆಟ್ಟನ್ನು ಮನೆಯಿಂದಲೇ ಒಯ್ಯಿರಿ.