ಸೆರೆಮನೆಯಲ್ಲಿ ತೆರೆದ ಪುಸ್ತಕ

ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನು ಹತ್ತಿ ನೋಡದ ವಿಜಯಪುರದವರು ವಿರಳ. ಮುಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲೆ ಎದ್ದ ಆ ಮಹಾಗುಮ್ಮಟದ ಒಂದು ಬದಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲನೆ ಆಡಿದ ಮಾತು, ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಆಡಿದವನು ಯಾರೆಂಬುದು ಕೇಳಿದವನಿಗೆ ಕಾಣಬೇಕೆಂದಿಲ್ಲ. ಒಳ್ಳೆಯ ಪುಸ್ತಕದ ಕಾರ್ಯವೂ ಇಂಥದೇ. ಯಾವುದೋ ದೇಶದಲ್ಲಿ, ಯಾವುದೋ ಕಾಲದಲ್ಲಿ ಒಬ್ಬರು ಮೆಲ್ಲನೆ ಆಡಿದ ಮಾತು ಅಪರಿಚಿತನೊಬ್ಬನ ಹೃದಯವನ್ನು ಮುಟ್ಟುತ್ತದೆ. ಆ ಅಪರಿಚಿತನು ನಾಲ್ಕು ಗೋಡೆಗಳ ನಡುವೆ ಇರುವ ಸೆರೆಯಾಳಾದರೆ ಆ ಮಾತಿಗೆ ಎಂಥ ಬಲ ಬರುತ್ತದೆಂಬುದನ್ನು ಈ ವಾರ ಪ್ರಿಯ ಓದುಗರೊಡನೆ ಚಿಂತಿಸಬೇಕೆಂದಿದ್ದೇವೆ.

ಗುಮ್ಮಟವನ್ನು ಕಾಣಲು ದೂರದೂರುಗಳಿಂದ ಜನ ಬರುತ್ತಾರೆ. ಅದೇ ಊರಿನಲ್ಲಿ, ಜನರ ಬಾಯಲ್ಲಿ ‘ದರ್ಗಾ ಜೈಲು’ ಎಂದೇ ಹೆಸರಾದ ಕೇಂದ್ರ ಕಾರಾಗೃಹವೂ ಇದೆ. ಅದರ ಮುಂದೆ ಹಾದುಹೋಗುವ ನಾವು ಒಳಗಿರುವವರನ್ನು ನೆನೆಯುವುದು ಅಪರೂಪ. ಒಳಗಿರುವವರೆಲ್ಲರೂ ಅಪರಾಧಿಗಳೆಂದು ತೀರ್ಮಾನಿಸಿಬಿಡುವುದು ಮಾತ್ರ ನಮಗೆ ಸುಲಭವಾಗಿದೆ. ಸರಕಾರವೇ ಪ್ರಕಟಿಸಿದ ಅಂಕಿ-ಅಂಶಗಳಂತೆ 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ ಸುಮಾರು 5 ಲಕ್ಷ 73 ಸಾವಿರ ಜನರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅಂದರೆ ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಅವರೆಲ್ಲರೂ ಕಾಯುತ್ತಿದ್ದರು. ಕಾಯುವುದೇ ಸೆರೆವಾಸದ ಮೊದಲ ಶಿಕ್ಷೆ.

ಕೆಲವು ವರ್ಷಗಳ ಹಿಂದೆ ಕ್ರಿಸ್ತಜಯಂತಿಯ ದಿನಗಳಲ್ಲಿ ನಾವು ಸೆರೆಮನೆಯೊಂದಕ್ಕೆ ಹೋಗಿದ್ದೆವು. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು, ಸಿಹಿ ಹಂಚಿಕೆ ನಡೆದಿತ್ತು. ನಡುವಯಸ್ಸಿನವರೊಬ್ಬರು ಹತ್ತಿರ ಬಂದು, “ಫಾದರ್, ಸಿಹಿ ಸಾಕ್ರಿ. ಓದಾಕ ಏನರೆ ಇದ್ರ ಕೊಡ್ರಿ. ರಾತ್ರಿ ಭಾಳ ಉದ್ದ ಆಗತಾವ್ರಿ” ಎಂದರು. ನಮ್ಮ ಚೀಲದಲ್ಲಿ ಮಿಠಾಯಿ ಇತ್ತು, ಸೋಪು ಇತ್ತು, ಹೊದಿಕೆಗಳಿದ್ದವು. ಪುಸ್ತಕ ಒಂದೂ ಇರಲಿಲ್ಲ. ಅಂದು ತಲೆ ತಗ್ಗಿಸಿ ಹಿಂದಿರುಗಿದೆವು.

ತಲೆ ತಗ್ಗಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಪವಿತ್ರ ಗ್ರಂಥವನ್ನು ಬಲ್ಲ ನಮಗೆ ಆ ಬೇಡಿಕೆ ಹೊಸದಾಗಬಾರದಿತ್ತು. ಸಂತ ಪೌಲರು ರೋಮಿನ ಬಂಧನದಿಂದ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಎರಡೇ ವಸ್ತುಗಳನ್ನು ತರಿಸಿಕೊಳ್ಳುತ್ತಾರೆ. ಒಂದು, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ. ಮತ್ತೊಂದು ಪುಸ್ತಕಗಳು, ಅವುಗಳಲ್ಲೂ ಮುಖ್ಯವಾಗಿ ಚರ್ಮದ ಹಾಳೆಗಳು. ಮರಣ ಸಮೀಪಿಸಿದೆಯೆಂದು ಅರಿತಿದ್ದ ಮುದುಕ ಸೆರೆಯಾಳೊಬ್ಬರು ದೇಹದ ಚಳಿಗೆ ಬಟ್ಟೆಯನ್ನೂ ಆತ್ಮದ ಚಳಿಗೆ ಓದನ್ನೂ ಬೇಡಿದರು. ನಾವು ಹೊದಿಕೆಯನ್ನಷ್ಟೇ ನೆನಪಿಟ್ಟು ಉಳಿದರ್ಧವನ್ನು ಮರೆತಿದ್ದೆವು.

ಸೆರೆಮನೆಯ ಓದು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಫ್ರಾನ್ಸ್ ದೇಶದ ಝಾಕ್ ಫೆಶ್ ಎಂಬ ತರುಣನ ಬದುಕು ನಿದರ್ಶನ. 1930ರಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ಈತ ಬಾಲ್ಯದ ವಿಶ್ವಾಸವನ್ನು ಬೇಗನೆ ಕಳೆದುಕೊಂಡ. ಹೆಂಡತಿ, ಪುಟ್ಟ ಮಗಳು ಇದ್ದರೂ ಸಂಸಾರ ನಿಲ್ಲಲಿಲ್ಲ. ದೋಣಿಯೊಂದನ್ನು ಕೊಂಡು ದೂರದ ದ್ವೀಪಗಳಿಗೆ ಹೋಗಿಬಿಡಬೇಕೆಂಬ ಹುಚ್ಚು ಕನಸಿಗೆ ಹಣ ಬೇಕಾಗಿ, 1954ರ ಫೆಬ್ರವರಿ 25ರಂದು ಪ್ಯಾರಿಸ್ಸಿನ ಹಣ ವಿನಿಮಯದ ವ್ಯಾಪಾರಿಯೊಬ್ಬನನ್ನು ದೋಚಿದ. ಓಡಿಹೋಗುವಾಗ ಹಾರಿಸಿದ ಗುಂಡಿಗೆ ಝಾನ್ ವೆರ್ಞ್ ಎಂಬ ಪೋಲೀಸಿನವರು ಬಲಿಯಾದರು. ಅವರು ಹೆಂಡತಿಯನ್ನು ಕಳೆದುಕೊಂಡವರು. ಅವರ ಪುಟ್ಟ ಮಗಳು ಅಂದು ತಬ್ಬಲಿಯಾದಳು.

ಪ್ಯಾರಿಸ್ಸಿನ ಲಾ ಸಾಂತೆ ಸೆರೆಮನೆಯಲ್ಲಿ ಗುರುಗಳು ಕಾಣಲು ಬಂದಾಗ ಫೆಶ್ ತನಗೆ ವಿಶ್ವಾಸವಿಲ್ಲವೆಂದು ತಿಳಿಸಿದ. ಅವರು ಒತ್ತಾಯಿಸಲಿಲ್ಲ, ಬರುವುದನ್ನು ನಿಲ್ಲಿಸಲೂ ಇಲ್ಲ. ಅವನ ವಕೀಲರಾದ ಪೋಲ್ ಬೋದೆ ದೃಢ ಕಥೋಲಿಕರು. ಕೈಗೆ ಪುಸ್ತಕಗಳು ಬಂದವು. ಫಾತಿಮಾ ಮಾತೆಯ ದರ್ಶನಗಳ ಕುರಿತ ಪುಸ್ತಕವನ್ನು ಓದಿದ, ಸಂತರ ಬದುಕನ್ನು ಓದಿದ. ಬಂಧನದ ಒಂದು ವರ್ಷ ತುಂಬುವ ಹೊತ್ತಿಗೆ ಅವನೊಳಗೆ ಏನೋ ಒಡೆದು ಬೆಳಕು ಹೊಕ್ಕಿತ್ತು. ಮುಂದಿನ ಎರಡೂವರೆ ವರ್ಷ ಅವನ ಕೋಣೆ ಒಬ್ಬ ಸನ್ಯಾಸಿಯ ಕೋಣೆಯಂತಾಯಿತು: ಪ್ರಾರ್ಥನೆ, ಓದು, ಪತ್ರಲೇಖನ. 1957ರ ಏಪ್ರಿಲ್‌ನಲ್ಲಿ ಮರಣದಂಡನೆಯ ತೀರ್ಪು ಬಂತು. ರಾಷ್ಟ್ರಾಧ್ಯಕ್ಷರು ಕ್ಷಮೆ ನೀಡಲಿಲ್ಲ. ಅದೇ ವರ್ಷ ಅಕ್ಟೋಬರ್ 1ರ ಮುಂಜಾನೆ, ತನ್ನ 27ನೆಯ ವಯಸ್ಸಿನಲ್ಲಿ, ಅವನು ಶಿರಚ್ಛೇದಕ್ಕೆ ತಲೆಯೊಡ್ಡಿದ. ಅವನು ಬಿಟ್ಟುಹೋದ ಪತ್ರಗಳೂ ದಿನಚರಿಯೂ ಮುಂದೆ ಅಚ್ಚಾಗಿ, ಸೆರೆಯಲ್ಲಿ ಓದಿ ಬದಲಾದವನ ಬರಹವೇ ಇತರರಿಗೆ ಓದಾಯಿತು. ಅವನಿಗೆ ಪುನೀತ ಪದವಿ ನೀಡುವ ಕುರಿತ ವಿಚಾರಣೆಯನ್ನು ಪ್ಯಾರಿಸ್ಸಿನ ಧರ್ಮಪ್ರಾಂತ್ಯವು 1993ರಲ್ಲಿ ಆರಂಭಿಸಿತು.

ಫೆಶ್‌ಗೆ ಪ್ರಿಯರಾದ ಸಂತರಲ್ಲಿ ಲಿಸ್ಯೂ ನಗರದ ಬಾಲಯೇಸುವಿನ ಸಂತ ತೆರೇಸಾ ಒಬ್ಬರು. ಅವರ ಬದುಕಿನ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. 1887ರಲ್ಲಿ, 14 ವರ್ಷದ ಬಾಲಕಿಯಾಗಿದ್ದಾಗ, ಮೂವರನ್ನು ಕೊಂದು ಮರಣದಂಡನೆಗೆ ಗುರಿಯಾದ ಪ್ರಾಂಜಿನಿ ಎಂಬವನ ಸಂಗತಿ ಅವರ ಕಿವಿಗೆ ಬಿತ್ತು. ಅವನು ಪಶ್ಚಾತ್ತಾಪ ಪಡಲಿಲ್ಲವೆಂದು ಜನರಾಡಿಕೊಳ್ಳುತ್ತಿದ್ದರು. ತೆರೇಸಾ ಅವನಿಗಾಗಿ ಪ್ರಾರ್ಥಿಸಿದರು, ಒಂದು ಗುರುತನ್ನು ಬೇಡಿದರು. ದಿನಪತ್ರಿಕೆ ಓದಬಾರದೆಂದು ತಂದೆಯವರು ಹೇಳಿದ್ದರೂ ಆಗಸ್ಟ್ 31ರ ಶಿಕ್ಷೆಯ ಮರುದಿನ ಪತ್ರಿಕೆಯನ್ನು ತೆರೆದರು. ಕೊನೆಯ ಗಳಿಗೆಯಲ್ಲಿ ಅವನು ಶಿಲುಬೆಯನ್ನು ತೆಗೆದುಕೊಂಡು ಮೂರು ಸಲ ಮುತ್ತಿಟ್ಟನೆಂಬ ವರದಿ ಅಲ್ಲಿತ್ತು. ಆ ಪ್ರಸಂಗವನ್ನು ತೆರೇಸಾ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟರು. ಅವರ ನಿಧನದ ಮರುವರ್ಷ, 1898ರಲ್ಲಿ, ಅದು ಪ್ರಕಟವಾಯಿತು. ಮಠದ ಗೋಡೆಯೊಳಗಿದ್ದ ತರುಣಿಯ ಪಿಸುಮಾತು ಅರ್ಧ ಶತಮಾನ ದಾಟಿ ಸೆರೆಮನೆಯ ಗೋಡೆಯೊಳಗಿದ್ದ ತರುಣನನ್ನು ಮುಟ್ಟಿತು. ಫೆಶ್ ಮರಣಕ್ಕೀಡಾದ ಅಕ್ಟೋಬರ್ 1, ಇಂದಿನ ಧರ್ಮಸಭೆಯ ಪಂಚಾಂಗದಲ್ಲಿ ಅದೇ ತೆರೇಸಾರ ಹಬ್ಬದ ದಿನ.

ಈ ಕಥೆಯನ್ನು ಒಮ್ಮೆ ಭಾನುವಾರದ ಪ್ರಬೋಧನೆಯಲ್ಲಿ ಹೇಳಿದೆವು. ಪೂಜೆ ಮುಗಿದ ಮೇಲೆ ಹಿರಿಯ ತಾಯಿಯೊಬ್ಬರು ಬಾಗಿಲಲ್ಲಿ ತಡೆದು ಕೇಳಿದರು: “ಕೊಂದಾವಗ ಪುಸ್ತಕ ಒಯ್ತೀರಿ ಫಾದರ್, ಸತ್ತಾವನ ಮನಿಗೆ ಏನ್ ಒಯ್ತೀರಿ?”

ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ. ಇಂದಿಗೂ ಪೂರ್ಣ ಉತ್ತರವಿದೆಯೆಂದು ಹೇಳಲಾರೆವು. ಆ ಪೋಲೀಸಿನವರ ಮಗಳಿಗೆ ಫೆಶ್‌ನ ದಿನಚರಿಯಿಂದ ತಂದೆ ಮರಳಿ ಸಿಗಲಿಲ್ಲ. ಸೆರೆಯಾಳಿನ ಮನಪರಿವರ್ತನೆಯನ್ನು ಕೊಂಡಾಡುವ ಭರದಲ್ಲಿ ನೊಂದವರ ಮನೆಯನ್ನು ಮರೆಯುವ ಭಕ್ತಿ ಅರೆಭಕ್ತಿ. ಆ ತಾಯಿಯ ಮಾತಿನಿಂದ ಕಲಿತು ನಾವೊಂದು ನಿಯಮ ಮಾಡಿಕೊಂಡೆವು: ಸೆರೆಮನೆಗೆ ಹೋದ ತಿಂಗಳಲ್ಲಿ, ಅನ್ಯಾಯದಿಂದ ನೊಂದ ಒಂದು ಮನೆಗೂ ಹೋಗಿ ಕುಳಿತು ಬರಬೇಕು.

ಆದರೆ ಅಷ್ಟು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಓದು ಫೆಶ್‌ನ ಅಪರಾಧವನ್ನು ಅಳಿಸಲಿಲ್ಲ. ಅದನ್ನು ಅವನಿಗೆ ಕಾಣಿಸಿತು. ಬದುಕಿನ ವ್ಯರ್ಥತೆಗೆ ಲೋಕವನ್ನು ದೂರುತ್ತಿದ್ದವನು ತನ್ನ ಪಾಪವನ್ನು ತನ್ನದೆಂದು ಹೊತ್ತುಕೊಂಡ. ಶಿಕ್ಷೆ ತಪ್ಪಿಸಿಕೊಳ್ಳಲು ಹೂಡಿದ ಭಕ್ತಿಯಾಗಿದ್ದರೆ ಕ್ಷಮಾಯಾಚನೆ ತಿರಸ್ಕೃತವಾದ ದಿನವೇ ಅದು ಮುಗಿಯಬೇಕಿತ್ತು. ಏನೂ ದಕ್ಕದೆಂದು ತಿಳಿದ ಮೇಲೂ ಉಳಿದ ವಿಶ್ವಾಸವನ್ನು ವ್ಯಾಪಾರವೆನ್ನಲಾಗದು. ನೊಂದವರ ಕಡೆಯಿಂದಲೂ ಇಂಥ ಬೆಳಕು ಬಂದದ್ದುಂಟು. 1995ರಲ್ಲಿ ಮಧ್ಯಪ್ರದೇಶದಲ್ಲಿ ಕೊಲೆಯಾದ ಧರ್ಮಭಗಿನಿ ರಾಣಿ ಮರಿಯಾರ ತಂಗಿ, ಸೆರೆಮನೆಗೇ ಹೋಗಿ ಕೊಲೆಗಾರನ ಕೈಗೆ ರಾಖಿ ಕಟ್ಟಿದರು. ಇದನ್ನು ಯಾರ ಮೇಲೂ ಹೇರಲಾಗದು. ಆದರೆ ಇದು ಸಾಧ್ಯವೆಂಬುದನ್ನು ನಮ್ಮ ನಾಡೇ ಕಂಡಿದೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಬೊಯೆಥಿಯಸ್ ಎಂಬ ರೋಮಿನ ಮಹಾಪಂಡಿತನ ಪರಿಚಯ ನಮಗಾಗಿತ್ತು. ಆರನೆಯ ಶತಮಾನದ ಆರಂಭದಲ್ಲಿ ಅರಸನ ಸಂಶಯಕ್ಕೆ ಗುರಿಯಾಗಿ, ಮರಣವನ್ನು ಎದುರುನೋಡುತ್ತ, ತತ್ವಶಾಸ್ತ್ರದ ಸಾಂತ್ವನವನ್ನು ಕುರಿತ ತನ್ನ ಹೆಸರಾಂತ ಕೃತಿಯನ್ನು ಅವನು ಬಂಧನದಲ್ಲೇ ರಚಿಸಿದ. ಅಂದು ಅದನ್ನು ನಾವು ಪರೀಕ್ಷೆಗಾಗಿ ಓದಿದೆವು. ಅದರ ಅರ್ಥ ತಿಳಿದದ್ದು ಸೆರೆಮನೆಯ ಬಾಗಿಲಲ್ಲಿ ಪುಸ್ತಕ ಕೇಳಿದವರನ್ನು ಕಂಡಾಗ. ಸೆರೆಯಲ್ಲಿ ಏಳುವುದು ಗಂಟೆಗೆ, ಉಣ್ಣುವುದು ಸರದಿಗೆ, ಮಲಗುವುದು ಎಣಿಕೆ ಮುಗಿದ ಮೇಲೆ. ಎಲ್ಲವೂ ಇನ್ನೊಬ್ಬರ ಅಪ್ಪಣೆ. ಆದರೆ ಪುಸ್ತಕದ ಹಾಳೆಯನ್ನು ಅಪ್ಪಣೆಯಿಂದ ಮಗುಚಬಹುದೇ ಹೊರತು ಅಪ್ಪಣೆಯಿಂದ ಮನಸ್ಸಿಟ್ಟು ಓದಲಾಗದು. ಬೇಡವೆನಿಸಿದರೆ ಮುಚ್ಚಿಡಬಹುದು, ಬೇಕೆನಿಸಿದರೆ ಮತ್ತೆ ತೆರೆಯಬಹುದು. ಓದೆಂಬುದು ಸಮ್ಮತಿಯ ಕ್ರಿಯೆ. ಸ್ವಾತಂತ್ರ್ಯವೆಲ್ಲ ಹೋದಲ್ಲಿ ಉಳಿದ ಒಂದು ಚಿಕ್ಕ ಸ್ವಾತಂತ್ರ್ಯ ಅದು; ದೇವರು ಮನುಷ್ಯನನ್ನು ಮಾತನಾಡಿಸಲು ಆರಿಸಿಕೊಳ್ಳುವ ಸ್ಥಳವೂ ಅದೇ.

ಆದುದರಿಂದ ಸೆರೆಮನೆಗೆ ಪುಸ್ತಕ ಒಯ್ಯುವವರು ಗಾಳ ಹಿಡಿದು ಹೋಗಬಾರದು. ಜಾಮೀನಿನ ಆಸೆ, ಕುಟುಂಬಕ್ಕೆ ನೆರವಿನ ಆಸೆ ತೋರಿಸಿ ಪಡೆದ ಒಪ್ಪಿಗೆ ವಿಶ್ವಾಸವಲ್ಲ. ಅದು ಇನ್ನೊಂದು ಸೆರೆ. ಕಥೋಲಿಕನಿಗೆ ಅವನ ಶುಭಸಂದೇಶವನ್ನೂ ಜಪಮಾಲೆಯನ್ನೂ ಕೊಡೋಣ. ಶರಣರ ವಚನ ಕೇಳಿದವರಿಗೆ ವಚನ, ಕುರಾನ್ ಕೇಳಿದವರಿಗೆ ಕುರಾನ್ ದೊರೆಯುವಂತೆ ಸಿಬ್ಬಂದಿಯವರಿಗೆ ತಿಳಿಸೋಣ. ನಮ್ಮ ವಿಶ್ವಾಸದ ಪುಸ್ತಕವನ್ನು ತಾನಾಗಿ ಕೇಳಿದವರಿಗೆ ಸಂತೋಷದಿಂದ ಕೊಟ್ಟು, ಉಳಿದುದನ್ನು ಪವಿತ್ರಾತ್ಮರಿಗೆ ಬಿಡೋಣ.

ಪುಸ್ತಕ ಕೊಟ್ಟರೆ ಕೆಲಸ ಮುಗಿಯಿತೆಂದೂ ಅಲ್ಲ. ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿಗೆ, ವಿವರಿಸುವವರಿಲ್ಲದೆ ಅದು ಅರ್ಥವಾಗಿರಲಿಲ್ಲ; ಫಿಲಿಪ್ಪನು ಪಕ್ಕದಲ್ಲಿ ಕುಳಿತ ಮೇಲೆಯೇ ಆಯಿತು. ಸೆರೆಯಲ್ಲಿರುವ ಅನೇಕರಿಗೆ ಅಕ್ಷರವೇ ಬಾರದು. ಅವರಿಗೆ ಓದಿ ಹೇಳುವವರು ಬೇಕು. ಒಬ್ಬರು ಓದಿ ಹತ್ತು ಜನ ಕೇಳುವ ಪುರಾಣಶ್ರವಣದ ರೂಢಿ ನಮ್ಮ ಬಬಲೇಶ್ವರ, ತಿಕೋಟಾ ಸೀಮೆಯ ಹಳ್ಳಿಗಳಿಗೆ ಹೊಸದಲ್ಲ. ಧರ್ಮಸಭೆಗೂ ಹೊಸದಲ್ಲ. ಯೇಸುಸಭೆಯ ಥಾಮಸ್ ಸ್ಟೀಫನ್ಸರು ಮರಾಠಿ ಓವಿಗಳಲ್ಲಿ ರಚಿಸಿ 1616ರಲ್ಲಿ ಪ್ರಕಟಿಸಿದ ‘ಕ್ರಿಸ್ತಪುರಾಣ’ವನ್ನು ಹೀಗೆಯೇ ಓದಿ ಕೇಳಿಸಲಾಗುತ್ತಿತ್ತು. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಕರಾವಳಿಯ ಕಥೋಲಿಕರಿಗೆ ಅದೇ ಪುರಾಣ ಆಸರೆಯಾಗಿತ್ತೆಂದು ಆ ಸಮುದಾಯದ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಇಂದು ಭಾರತದಲ್ಲಿ ಈ ಸೇವೆಯನ್ನು ಹೊತ್ತಿರುವುದು 1981ರಲ್ಲಿ ಕೇರಳದ ಗುರುವಿದ್ಯಾರ್ಥಿಗಳಿಂದ ಮೊದಲಾದ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’. ಔಶ್ವಿಟ್ಸ್ ಶಿಬಿರದಲ್ಲಿ ಸಹಬಂದಿಯ ಬದಲು ಪ್ರಾಣಕೊಟ್ಟ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರೇ ಅದರ ಪಾಲಕ ಸಂತರು.

ಪುಸ್ತಕದ ಬೆಲೆಯನ್ನು ವಿಜಯಪುರದವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ತಾಳೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಅಚ್ಚಿಗೆ ತರಲು ಮನೆಯನ್ನೇ ಮಾರಿ ಮುದ್ರಣಾಲಯ ನಡೆಸಿದ ಫ.ಗು. ಹಳಕಟ್ಟಿಯವರ ಊರಿದು. ನಾವು ಮನೆ ಮಾರಬೇಕಾಗಿಲ್ಲ. ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಶುಭಸಂದೇಶಗಳು, ಸಂತರ ಚರಿತ್ರೆಗಳು, ಪ್ರಾರ್ಥನಾ ಪುಸ್ತಕಗಳು ನಮ್ಮೆಲ್ಲರ ಮನೆಯಲ್ಲಿವೆ. ಹರಿದವುಗಳು ಬೇಡ, ನಮ್ಮ ಮಕ್ಕಳ ಕೈಗೆ ಕೊಡಲು ನಾಚುವ ಪುಸ್ತಕವನ್ನು ಸೆರೆಯಾಳಿಗೂ ಕೊಡಬಾರದು. ಅಕ್ಷರ ದಪ್ಪಗಿರಲಿ, ಏಕೆಂದರೆ ಒಳಗೆ ಬೆಳಕು ಕಡಿಮೆ. ಕನ್ನಡದವು ಇರಲಿ, ಗಡಿಯಾಚೆಯವರಿಗಾಗಿ ಮರಾಠಿಯವೂ ಇರಲಿ. ಅಧಿಕಾರಿಗಳ ಅನುಮತಿ ಪಡೆದೇ ಒಯ್ಯೋಣ.

ಅಂದು ಪುಸ್ತಕ ಕೇಳಿದವರಿಗೆ ಮುಂದಿನ ಭೇಟಿಯಲ್ಲಿ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟೆವು. ಮೂರನೆಯ ಭೇಟಿಯಲ್ಲಿ ಅವರು ಅದನ್ನು ನಮ್ಮ ಮುಂದೆ ಹಿಡಿದು, ತಪ್ಪಿಹೋದ ಮಗನ ಸಾಮತಿಯ ಪುಟವನ್ನು ತೋರಿಸಿ, “ಇಲ್ಲಿಂದ ಮುಂದ ಇನ್ನೂ ಹೋಗಿಲ್ರಿ ಫಾದರ್, ಇದನ್ನ ಓದಾಕತ್ತೀನಿ” ಎಂದರು. ಬಳಸಿ ಬಳಸಿ ಆ ಪುಟದ ಅಂಚು ಮೆತ್ತಗಾಗಿತ್ತು. ಅವರ ವಿಚಾರಣೆ ಇನ್ನೂ ನಡೆದಿತ್ತು. ಫಲವೇನಾಗುವುದೆಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಚಳಿಗಾಲಕ್ಕೆ ಮೊದಲೇ ಬರುವಂತೆ ಪೌಲರು ತಿಮೊಥೇಯನನ್ನು ಬೇಡಿಕೊಂಡಿದ್ದರು. ತಡವಾದರೆ ಮೇಲಂಗಿಯಿಂದಲೂ ಪ್ರಯೋಜನವಿಲ್ಲ, ಪುಸ್ತಕದಿಂದಲೂ ಇಲ್ಲ. ಸೆರೆಯಲ್ಲಿದ್ದವನನ್ನು ಕಾಣಹೋದವರು ತಮ್ಮನ್ನೇ ಕಂಡರೆಂದು ಕೊನೆಯ ದಿನ ನುಡಿಯಲಿರುವ ಪ್ರಭು, ಇಂದು ನಮ್ಮೂರಿನ ಗೋಡೆಯಾಚೆ ಕುಳಿತು, ಓದಲು ಏನಾದರೂ ಇದ್ದರೆ ಕೊಡಿರೆಂದು ಕೇಳುತ್ತಿದ್ದಾರೆ. ನಾವು ಬೇಗ ಹೊರಡೋಣ.