ಬಾಣಂತಿಯ ರಕ್ತಸ್ರಾವ: ಕಣ್ಣಳತೆ ನಂಬಬೇಡಿ

ಶಂಕಗಿರಿ: ಹೆರಿಗೆ ಸುಸೂತ್ರವಾಗಿ ಆಯಿತು. ಮಗು ಅತ್ತಿತು. ನೆಂಟರಿಗೆಲ್ಲ ಫೋನ್ ಹೋಯಿತು. ಇನ್ನೇನೂ ಭಯವಿಲ್ಲ ಎಂದು ಮನೆಯವರು ನಿಟ್ಟುಸಿರು ಬಿಡುವ ಆ ಹೊತ್ತಿನಲ್ಲೇ ಕೆಲವು ತಾಯಂದಿರ ಜೀವಕ್ಕೆ ಕುತ್ತು ಬರುತ್ತದೆ. ಕಾರಣ, ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವ. ಚಿಕಿತ್ಸೆ ಸಿಗದಿದ್ದರೆ ರಕ್ತಸ್ರಾವ ಶುರುವಾದ ಸುಮಾರು ಎರಡೇ ಗಂಟೆಯಲ್ಲಿ ತಾಯಿ ಸಾಯಬಹುದು ಎನ್ನುತ್ತದೆ ವೈದ್ಯಶಾಸ್ತ್ರ.

ಹಳ್ಳಿಗಳಲ್ಲಿ ಹಿರಿಯರು ಹೇಳುವ ಒಂದು ಮಾತಿದೆ: "ಕೆಟ್ಟ ರಕ್ತ, ಹೋಗಲಿ ಬಿಡಿ." ಈ ಮಾತು ಅಪಾಯಕಾರಿ. ಹೆರಿಗೆಯಾದ ಮೇಲೆ ಒಂದಿಷ್ಟು ರಕ್ತ ಹೋಗುವುದು ಸಹಜ. ಆದರೆ ಒಳ್ಳೆಯ ರಕ್ತ, ಕೆಟ್ಟ ರಕ್ತ ಎಂಬ ಭೇದ ಇಲ್ಲ. ಹೋಗುವುದೆಲ್ಲ ತಾಯಿಯ ಮೈಯ ರಕ್ತವೇ.

ಯಾಕೆ ಹೀಗಾಗುತ್ತದೆ?

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹುಟ್ಟಿದ ಮೇಲೆ ಮಾಸು (ತಮಿಳಿನಲ್ಲಿ ನಂಜುಕ್ಕೊಡಿ) ಕಳಚಿ ಬರುತ್ತದೆ. ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಆಗ ಗರ್ಭಕೋಶದ ಸ್ನಾಯುಗಳು ಬಿಗಿಯಾಗಿ ಕುಗ್ಗಿ, ಪೈಪಿನ ವಾಲ್ವ್ ತಿರುಗಿಸಿದಂತೆ, ಆ ನಾಳಗಳನ್ನು ಹಿಸುಕಿ ಮುಚ್ಚುತ್ತವೆ. ಇದು ದೇಹ ತಾನೇ ಮಾಡಿಕೊಳ್ಳುವ ವ್ಯವಸ್ಥೆ.

ಗರ್ಭಕೋಶ ಕುಗ್ಗದೆ ಮೆತ್ತಗೆ ಉಳಿದರೆ ವಾಲ್ವ್ ತೆರೆದೇ ಇರುತ್ತದೆ. ಇಂಥ ರಕ್ತಸ್ರಾವದಲ್ಲಿ ಹೆಚ್ಚಿನ ಪಾಲು, ನೂರಕ್ಕೆ ಸುಮಾರು 70ರಷ್ಟು, ಇದರಿಂದಲೇ ಆಗುವುದು. ಮಾಸಿನ ತುಂಡು ಒಳಗೆ ಉಳಿಯುವುದು, ಹೆರಿಗೆ ದಾರಿಯಲ್ಲಿ ಹರಿದ ಗಾಯ, ರಕ್ತ ಹೆಪ್ಪುಗಟ್ಟದ ತೊಂದರೆ ಉಳಿದ ಮೂರು ಕಾರಣಗಳು.

ಯಾರಿಗೆ ಹೆಚ್ಚು ಅಪಾಯ?

ಅವಳಿ ಮಕ್ಕಳಿರುವವರು, ಹೊಟ್ಟೆಯಲ್ಲಿ ನೀರು ಹೆಚ್ಚಿರುವವರು, ಹಲವು ಸಲ ಹೆತ್ತವರು, ನೋವು ಬಹಳ ಹೊತ್ತು ಎಳೆದವರು, ಹಿಂದಿನ ಹೆರಿಗೆಯಲ್ಲಿ ಹೀಗೇ ಆಗಿದ್ದವರು ಎಚ್ಚರದಿಂದ ಇರಬೇಕು. ರಕ್ತಹೀನತೆ ಇದ್ದರಂತೂ ಕಷ್ಟ ಎರಡರಷ್ಟು. ಬೇರೆಯವರು ತಡೆದುಕೊಳ್ಳುವಷ್ಟು ರಕ್ತ ಹೋದರೂ ಇವರು ತಡೆದುಕೊಳ್ಳಲಾರರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ ಇತ್ತು.

ಇನ್ನೊಂದು ಅಪಾಯ ಈಚೆಗೆ ಹೆಚ್ಚುತ್ತಿದೆ. ಹಿಂದೆ ಸಿಸೇರಿಯನ್ ಆಗಿದ್ದವರಲ್ಲಿ ಕೆಲವೊಮ್ಮೆ ಮಾಸು ಗರ್ಭಕೋಶದ ಕೆಳಭಾಗದಲ್ಲಿ, ಹಳೆಯ ಹೊಲಿಗೆಯ ಮೇಲೆ ಬೇರು ಬಿಟ್ಟುಕೊಳ್ಳುತ್ತದೆ. ಆಗ ಅದು ಕಳಚುವುದೇ ಇಲ್ಲ. ಬಿಡಿಸಲು ಹೋದರೆ ರಕ್ತ ನಿಲ್ಲುವುದಿಲ್ಲ. ಮಾಸು ಕೆಳಗಿರುವ ಗರ್ಭಿಣಿಗೆ ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಹೀಗಾಗುವ ಸಂಭವ ನೂರಕ್ಕೆ 11, ಎರಡಾಗಿದ್ದರೆ 40 ಎಂದು ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಕಂಡುಕೊಂಡಿತು. ಅದೇ 2019-21ರ ಸಮೀಕ್ಷೆಯಲ್ಲಿ ತಮಿಳುನಾಡಿನ ಹೆರಿಗೆಗಳಲ್ಲಿ ಶೇ. 44.9 ಸಿಸೇರಿಯನ್ ಎಂದು ದಾಖಲಾಗಿದೆ. ಆದ್ದರಿಂದ ಸಿಸೇರಿಯನ್ ಆದವರು ಮುಂದಿನ ಬಸಿರಿನಲ್ಲಿ ಸ್ಕ್ಯಾನ್ ಮಾಡಿಸುವಾಗ "ಮಾಸು ಎಲ್ಲಿದೆ?" ಎಂದು ತಪ್ಪದೆ ಕೇಳಬೇಕು. ನೋವಿಲ್ಲದೆ ರಕ್ತ ಕಂಡರೆ ಒಂದು ದಿನವೂ ಕಾಯಬಾರದು.

ಇಷ್ಟೆಲ್ಲ ಹೇಳಿದರೂ ಒಂದು ಮಾತು ಉಳಿಯುತ್ತದೆ. ಯಾವ ಅಪಾಯದ ಗುರುತೂ ಇಲ್ಲದ ಆರೋಗ್ಯವಂತ ಹೆಣ್ಣಿಗೂ ರಕ್ತಸ್ರಾವ ಆಗಬಹುದು. ಆದ್ದರಿಂದ ಎಲ್ಲ ಬಾಣಂತಿಯರ ಮೇಲೂ ಕಣ್ಣಿಡಬೇಕು. ಆದರೆ ಕಣ್ಣೊಂದೇ ಸಾಲದು ಎಂಬುದನ್ನು ಇನ್ನೊಂದು ಗಡಿ ಜಿಲ್ಲೆ ತೋರಿಸಿಕೊಟ್ಟಿತು.

ಬೆಳಗಾವಿ ಕಲಿಸಿದ ಪಾಠ

ಶಂಕಗಿರಿ ಕಡೆ ಕನ್ನಡ, ತಮಿಳು ಎರಡೂ ನಡೆಯುವಂತೆ ಬೆಳಗಾವಿಯಲ್ಲಿ ಕನ್ನಡ, ಮರಾಠಿ ನಡೆಯುತ್ತವೆ. ಅಲ್ಲಿನ ಹಳ್ಳಿಗಳಲ್ಲಿ ಈ ಶತಮಾನದ ಆರಂಭದಲ್ಲಿ ಎಷ್ಟೋ ಹೆರಿಗೆಗಳು ಮನೆಯಲ್ಲಿ, ಇಲ್ಲವೇ ಉಪಕೇಂದ್ರದಲ್ಲಿ ನರ್ಸಮ್ಮನ ಕೈಯಲ್ಲೇ ಆಗುತ್ತಿದ್ದವು. ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಅನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಇಲ್ಲದ ಊರಿನಲ್ಲಿ ಅದು ಆಗದ ಮಾತು.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಒಂದು ಪರೀಕ್ಷೆ ನಡೆಸಿದರು. ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಮಗು ಹುಟ್ಟಿದ ಕೂಡಲೇ ತಾಯಿಗೆ ಕೊಟ್ಟರೆ ರಕ್ತಸ್ರಾವ ತಪ್ಪುತ್ತದೆಯೇ ಎಂದು ನೋಡಿದರು. 1,620 ಹೆಂಗಸರಲ್ಲಿ ಅರ್ಧ ಮಂದಿಗೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಡಲಾಯಿತು.

ಹೋದ ರಕ್ತವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಎದುರಾಯಿತು. ಸೀರೆ, ಚಾಪೆ, ನೆಲ ಎಲ್ಲ ಕಡೆ ಹೀರಿಕೊಂಡ ರಕ್ತವನ್ನು ಕಣ್ಣಿನಿಂದ ಅಂದಾಜು ಮಾಡುವುದು ಕಷ್ಟ. ಅದಕ್ಕಾಗಿ ಈ ತಂಡ ಒಂದು ಪ್ಲಾಸ್ಟಿಕ್ ಹಾಳೆ ತಯಾರಿಸಿತು. ಮಗು ಹುಟ್ಟಿದ ಮೇಲೆ ಅದನ್ನು ತಾಯಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುತ್ತಾರೆ. ಕೆಳಗೆ ಗೆರೆ ಹಾಕಿದ ಚೀಲ ಇರುತ್ತದೆ. ರಕ್ತ ಅದರೊಳಗೆ ಇಳಿಯುತ್ತದೆ, ಎಷ್ಟು ಮಿಲಿಲೀಟರ್ ಎಂದು ಗೆರೆ ನೋಡಿ ಓದಬಹುದು. ತಯಾರಿಸಿದವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ 'ಬ್ರಾಸ್-ವಿ' ಹಾಳೆ ಎಂದು ಹೆಸರಿಟ್ಟರು.

ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 12 ಮಂದಿಗೆ ಅತಿ ರಕ್ತಸ್ರಾವ ಆಗಿದ್ದರೆ, ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ. 6.4ಕ್ಕೆ ಇಳಿದಿತ್ತು. ಒಂದು ಲೀಟರ್ ಅಥವಾ ಹೆಚ್ಚು ರಕ್ತ ಹೋದವರು ಶೇ. 1.2ರಿಂದ 0.2ಕ್ಕೆ ಇಳಿದರು. ಚಳಿ, ಜ್ವರ ಕೆಲವರಿಗೆ ಬಂದದ್ದು ನಿಜ. ಈ ಬಳಕೆಗಾಗಿ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅದೇ ಹಾಳೆ ಇನ್ನೊಂದು ಸತ್ಯವನ್ನೂ ಹೊರಗೆಡವಿತು. ನುರಿತ ಕಣ್ಣಿನ ಅಂದಾಜು ಕೂಡ ಹಾಳೆಯ ಅಳತೆಗಿಂತ ಶೇ. 33ರಷ್ಟು ಕಡಿಮೆ ಬರುತ್ತಿತ್ತು. ಅಂದರೆ ಮುಕ್ಕಾಲು ಲೀಟರ್ ಹೋಗಿದ್ದರೆ ನೋಡಿದವರಿಗೆ ಅರ್ಧ ಲೀಟರಿನಂತೆ ಕಾಣುತ್ತದೆ. "ಅಷ್ಟೇನೂ ಹೋಗಿಲ್ಲ" ಎನ್ನುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಇಂಥ ಗೆರೆಯ ಹಾಳೆಯಿಂದ ಅಳೆದು, ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಡುವ ಕ್ರಮವನ್ನು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಲಾಯಿತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಆಪರೇಷನ್ ಮತ್ತು ಅದರಿಂದ ಆಗುವ ಸಾವು ಸೇರಿ ಶೇ. 60ರಷ್ಟು ಕಡಿಮೆಯಾದವು ಎಂದು 2023ರಲ್ಲಿ ಪ್ರಕಟವಾಯಿತು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಉಜ್ಜುತ್ತಾರೆ. ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ಸ್ ಕೊಡುತ್ತಾರೆ. ಮಾಸಿನ ತುಂಡು, ಹರಿದ ಗಾಯ ಇದೆಯೇ ಎಂದು ನೋಡುತ್ತಾರೆ. ನಿಲ್ಲದಿದ್ದರೆ ಒಳಗೆ ಬಲೂನು ಉಬ್ಬಿಸಿ ಒತ್ತಡ ಕೊಡುತ್ತಾರೆ. ಬಾಂಗ್ಲಾದೇಶದ ಡಾ. ಸಾಯೆಬಾ ಅಖ್ತರ್ ಕಾಂಡೋಮ್ ಮತ್ತು ಸಾಧಾರಣ ಟ್ಯೂಬಿನಿಂದಲೇ ಇಂಥ ಅಗ್ಗದ ಬಲೂನು ಮಾಡಿ 2003ರಲ್ಲಿ ಜಗತ್ತಿಗೆ ತಿಳಿಸಿದರು. ಕೊನೆಯ ದಾರಿ ಗರ್ಭಕೋಶವನ್ನೇ ತೆಗೆಯುವುದು. ಮನೆಯವರು ಸಹಿ ಹಾಕಲು ಹಿಂದೆಮುಂದೆ ನೋಡುತ್ತಾ ಕುಳಿತರೆ ತಾಯಿಯೇ ಉಳಿಯುವುದಿಲ್ಲ.

ರಕ್ತ ಕೊಡುವುದಕ್ಕೆ ಗುಂಪು ಗೊತ್ತಿರಬೇಕು. ಅಪರೂಪಕ್ಕೆ 'ಬಾಂಬೆ' ಗುಂಪಿನವರು ಇರುತ್ತಾರೆ. 1952ರಲ್ಲಿ ಮುಂಬೈಯಲ್ಲಿ ಪತ್ತೆಯಾದ ಈ ಗುಂಪು ಸಾಮಾನ್ಯ ಪರೀಕ್ಷೆಯಲ್ಲಿ 'ಓ' ಎಂದೇ ಕಾಣುತ್ತದೆ. ಆದರೆ ಅವರಿಗೆ 'ಓ' ರಕ್ತ ಹೊಂದುವುದಿಲ್ಲ. ಸೋದರಮಾವ, ಅತ್ತೆ ಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾಗುವ ಕುಟುಂಬಗಳಲ್ಲಿ ಇದರ ಸಾಧ್ಯತೆ ಸ್ವಲ್ಪ ಹೆಚ್ಚು. ರಕ್ತದ ಗುಂಪು ಅಪರೂಪದ್ದು ಅಥವಾ ನೆಗೆಟಿವ್ ಎಂದು ತಿಳಿದರೆ ತಿಂಗಳು ತುಂಬುವ ಮೊದಲೇ ದಾನಿಗಳನ್ನು ಹುಡುಕಿಡುವುದು ಒಳ್ಳೆಯದು.

ಮನೆಯವರು ನೋಡಬೇಕಾದದ್ದು

ತಮಿಳುನಾಡಿನಲ್ಲಿ ಈಗ ಹೆಚ್ಚುಕಡಿಮೆ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ. ಆದರೂ ವಾರ್ಡಿನಲ್ಲಿ ಬಾಣಂತಿಯ ಪಕ್ಕ ಕೂತಿರುವುದು ಅಮ್ಮ, ಅತ್ತೆ ಅಥವಾ ಅಕ್ಕ. ಮೊದಲು ಗೊತ್ತಾಗುವುದು ಅವರಿಗೇ.

* ಗಂಟೆಯೊಳಗೆ ಒಂದಕ್ಕಿಂತ ಹೆಚ್ಚು ಪ್ಯಾಡ್ ಅಥವಾ ಮಡಿಸಿದ ಬಟ್ಟೆ ಪೂರ್ತಿ ತೊಯ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಹೆಪ್ಪು ಬಿದ್ದರೆ ಕೂಡಲೇ ನರ್ಸನ್ನು ಕರೆಯಿರಿ.
* ತಲೆಸುತ್ತು, ತಣ್ಣನೆಯ ಬೆವರು, ಬಿಳಿಚಿದ ಮುಖ, ಏದುಸಿರು, ಮಂಕು ಕವಿದ ಮಾತು ಇವು ಅಪಾಯದ ಗುರುತು. "ಸುಸ್ತಾಗಿದೆ, ಮಲಗಲಿ" ಎನ್ನಬೇಡಿ.
* ತೊಯ್ದ ಬಟ್ಟೆಗಳನ್ನು ಎಸೆಯಬೇಡಿ. ನರ್ಸಿಗೆ ತೋರಿಸಿ.
* ದಾರಿಯಲ್ಲೋ ಮನೆಯಲ್ಲೋ ಹೆರಿಗೆಯಾದರೆ ಮಾಸನ್ನು ಜಗ್ಗಬೇಡಿ. 108ಕ್ಕೆ ಫೋನ್ ಮಾಡಿ, ತಾಯಿಯನ್ನು ಮಲಗಿಸಿ, ಹೊದಿಸಿ, ಮಗುವಿಗೆ ಹಾಲು ಕುಡಿಸಿ. ಹಾಲೂಡಿಸಿದರೆ ಗರ್ಭಕೋಶ ಕುಗ್ಗಲು ಸಹಾಯ.
* ಮಿಸೊಪ್ರೊಸ್ಟಾಲ್ ಅನ್ನು ಅಂಗಡಿಯಿಂದ ತಂದು ನೀವೇ ಕೊಡಬೇಡಿ. ಮಗು ಹುಟ್ಟುವ ಮೊದಲು ಕೊಟ್ಟರೆ ಗರ್ಭಕೋಶ ಒಡೆಯಬಹುದು.
* ಮನೆಗೆ ಬಂದ ಮೇಲೂ ಆರು ವಾರದವರೆಗೆ ಎಚ್ಚರ. ನಿಂತ ರಕ್ತ ಮತ್ತೆ ಹೆಚ್ಚಾದರೆ, ಜ್ವರ, ದುರ್ವಾಸನೆ ಇದ್ದರೆ ಆಸ್ಪತ್ರೆಗೆ ಹೋಗಿ.

ಶಂಕಗಿರಿ ಕಡೆಯವರಿಗೆ ದೊಡ್ಡ ಸರಕಾರಿ ಆಸ್ಪತ್ರೆ ಎಂದರೆ ಸೇಲಂನ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆ. ಧರ್ಮಪುರಿಯಲ್ಲೂ ಸರಕಾರಿ ವೈದ್ಯಕೀಯ ಕಾಲೇಜು ಇದೆ. 2011ರ ಜನನಿ ಶಿಶು ಸುರಕ್ಷಾ ಯೋಜನೆಯಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ರಕ್ತ, ವಾಹನ ಎಲ್ಲವೂ ಉಚಿತ. ಅಪಾಯದ ಗುರುತು ಇರುವವರು ನೋವು ಬರುವ ತನಕ ಕಾಯದೆ ಮೊದಲೇ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸುವುದು ಕ್ಷೇಮ.

2001-03ರಲ್ಲಿ ತಮಿಳುನಾಡಿನಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 134 ತಾಯಂದಿರು ಸಾಯುತ್ತಿದ್ದರು, ಕರ್ನಾಟಕದಲ್ಲಿ 228. 2018-20ರ ಹೊತ್ತಿಗೆ ಅದು 54 ಮತ್ತು 69ಕ್ಕೆ ಇಳಿಯಿತು. ಆಸ್ಪತ್ರೆ, ಆಂಬುಲೆನ್ಸ್, ರಕ್ತನಿಧಿಗಳ ಪಾತ್ರ ಇದರಲ್ಲಿದೆ. ಆದರೆ ಇವೆಲ್ಲ ಕೆಲಸಕ್ಕೆ ಬರುವುದು ಪಕ್ಕದಲ್ಲಿ ಕೂತವರು ಹೊತ್ತಿಗೆ ಸರಿಯಾಗಿ ಕೂಗಿ ಕರೆದಾಗ ಮಾತ್ರ.