ಹಿಡಿದ ನಡ, ಬಿಡಿಸುವ ಕೈ

'ನಡಾ ಹಿಡದೈತ್ರಿ. ಕುಂತ್ರ ಏಳಾಕ ಆಗೂದಿಲ್ಲ, ಎದ್ರ ಕುಂಡ್ರಾಕ ಆಗೂದಿಲ್ಲ.'

ಚಿಕ್ಕೋಡಿ ಸೀಮೆಯ ಯಾವ ದವಾಖಾನೆಯ ಕಟ್ಟೆಯ ಮೇಲೆ ಕುಳಿತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಆಡುವವರು ಯಾರೆಂದು ನೋಡಿ. ನಿಪ್ಪಾಣಿಯಲ್ಲಿ ತೊಡೆಯ ಮೇಲೆ ಮೊರ ಇಟ್ಟುಕೊಂಡು, ಕತ್ತು ಬಗ್ಗಿಸಿ ಬೀಡಿ ಕಟ್ಟುವ ಹೆಣ್ಣುಮಕ್ಕಳು. ರಾಯಬಾಗ, ಕಾಗವಾಡದ ಗದ್ದೆಗಳಲ್ಲಿ ಬಗ್ಗಿ ಕಬ್ಬು ಕಡಿದು ಹೊರೆ ಹೊರುವವರು. ಅಥಣಿಯಲ್ಲಿ ನೆಲಕ್ಕೆ ಕುಳಿತು ಚಪ್ಪಲಿ ಹೊಲಿಯುವವರು. 'ಕೊಲ್ಹಾಪುರಿ' ಎಂದು ಜಗತ್ತು ಕರೆಯುವ ಆ ಚಪ್ಪಲಿಗೆ 2018-19ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳ ಹೆಸರೂ ಅದರಲ್ಲಿತ್ತು. ಚಪ್ಪಲಿಗೆ ಮಾನ ಬಂತು; ಹೊಲಿಯುವವರ ನಡಕ್ಕೆ ಆರಾಮ ಬರಲಿಲ್ಲ.

ಇಂಥ ನೋವಿನ ಬಗ್ಗೆ ಮಾತಾಡುವಾಗ ಫಿಸಿಯೋಥೆರಪಿಯವರು ಈಗ ಹೇಳುವ ಒಂದು ಹೆಸರು 'ಫೇಶಿಯಾ'. ಏನಿದು?

ಕಿತ್ತಳೆಯ ಪೊರೆ

ಕಿತ್ತಳೆ ಸುಲಿದಾಗ ಪ್ರತಿ ತೊಳೆಯನ್ನೂ ಸುತ್ತಿರುವ ತೆಳ್ಳನೆಯ ಪೊರೆ ಕಾಣುತ್ತದಲ್ಲ? ನಮ್ಮ ಸ್ನಾಯುಗಳಿಗೂ ಅಂಥದೇ ಹೊದಿಕೆಯುಂಟು. ಚರ್ಮ ಹದಮಾಡುವವರಿಗಂತೂ ಇದು ಹೊಸದಲ್ಲ. ಹಸಿ ಚರ್ಮದ ಒಳಮೈಯಿಂದ ಅವರು ಹೆರೆದು ತೆಗೆಯುವುದರಲ್ಲಿ ಈ ಪೊರೆಯೂ ಇರುತ್ತದೆ. ಕೊಲಾಜೆನ್ ಎಂಬ ಎಳೆಗಳಿಂದಾದ ಇದರ ಪದರಗಳು ಒಂದರ ಮೇಲೊಂದು ಜಾರುವುದರಿಂದಲೇ ನಾವು ಸಲೀಸಾಗಿ ಬಾಗುತ್ತೇವೆ, ಏಳುತ್ತೇವೆ. ನೋವನ್ನು ತಿಳಿಸುವ ನರದ ತುದಿಗಳೂ ಇದರಲ್ಲಿವೆ.

ಅಮೆರಿಕದ ಹೆಲೆನ್ ಲ್ಯಾಂಗೆವಿನ್ ಮತ್ತು ಸಂಗಡಿಗರು 2011ರಲ್ಲಿ ಅಲ್ಟ್ರಾಸೌಂಡ್ ಮೂಲಕ ಸೊಂಟದ ಪೊರೆಯನ್ನು ನೋಡಿದರು. ಬಹುಕಾಲದ ನಡನೋವು ಇದ್ದವರಲ್ಲಿ ಪದರಗಳ ಜಾರುವಿಕೆ ಸುಮಾರು ಶೇಕಡಾ 20ರಷ್ಟು ಕಡಿಮೆಯಿತ್ತು. ಅದು ನೋವಿಗೆ ಕಾರಣವೋ, ನೋವಿನ ಫಲವೋ ಎಂಬುದನ್ನು ಆ ಅಧ್ಯಯನ ನಿರ್ಧರಿಸಲಿಲ್ಲ.

ಮಾಲೀಶು ಅಲ್ಲ

ಈ ಪೊರೆಗೆಂದೇ ಕೈಯಿಂದ ಮಾಡುವ ಚಿಕಿತ್ಸೆಯನ್ನು ಅಮೆರಿಕದಲ್ಲಿ ಪ್ರಚಾರಕ್ಕೆ ತಂದವರಲ್ಲಿ ಜೀವರಸಾಯನ ತಜ್ಞೆ ಐಡಾ ರಾಲ್ಫ್ (1896-1979) ಮುಖ್ಯರು. ಗರಡಿಮನೆಯ ಮಾಲೀಶು ಕಂಡ ನಮಗೆ ಕೈಮದ್ದು ಹೊಸದಲ್ಲ. ಆದರೆ ಎರಡೂ ಒಂದೇ ಅಲ್ಲ. ಪೈಲ್ವಾನರಿಗೆ ಎಣ್ಣೆ ಸುರಿದು ಜೋರಾಗಿ ತಿಕ್ಕುತ್ತಾರೆ. ಇಲ್ಲಿ ಎಣ್ಣೆ ಇಲ್ಲ, ಇದ್ದರೂ ಅಲ್ಪ. ಬಿಗಿದ ಜಾಗದ ಮೇಲೆ ಅಂಗೈ ಇಲ್ಲವೇ ಬೆರಳಿಟ್ಟು, ನಿಧಾನವಾಗಿ ಒತ್ತಿ, ಒಂದೆರಡು ನಿಮಿಷ ಹಾಗೆಯೇ ಹಿಡಿಯುತ್ತಾರೆ. ಬಿಗಿ ಸಡಿಲಿದಂತೆ ಕೈ ಮುಂದೆ ಸರಿಯುತ್ತದೆ.

ಇದರಿಂದ ನೋವು ಹೋಗುತ್ತದೆಯೇ? ಕೆಲವರಿಗೆ ಕೆಲವು ಕಾಲ ಕಡಿಮೆಯಾಗುತ್ತದೆ, ಮೈ ಹಗುರಾಗಿ ಬಾಗುತ್ತದೆ. ಪವಾಡವೇನೂ ಇಲ್ಲ. ದಪ್ಪ ಪೊರೆಯನ್ನು ಬರಿಗೈಯಿಂದ ಹಿಗ್ಗಿಸುವುದು ಕಷ್ಟ. ನರಗಳು ಶಾಂತವಾಗುವುದರಿಂದಲೇ ಆರಾಮ ಸಿಗುತ್ತಿರಬಹುದೆಂದು ಅನೇಕ ತಜ್ಞರು ಎನ್ನುತ್ತಾರೆ. ವ್ಯಾಯಾಮದ ಜೊತೆಗಾದರೆ ಫಲ ಹೆಚ್ಚು.

ಎಚ್ಚರ ಇರಲಿ

ಕಾಲು ಜೋಮು ಹಿಡಿದು ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ನಡನೋವಿನ ಜೊತೆ ಜ್ವರವಿದ್ದರೆ ಯಾರ ಕೈಗೂ ಬೆನ್ನು ಕೊಡಬೇಡಿ. ಮೊದಲು ವೈದ್ಯರಲ್ಲಿಗೆ ಹೋಗಿ. ಎಲುಬು ಸವೆದವರು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ವೈದ್ಯರನ್ನು ಕೇಳದೆ ಒತ್ತಿಸಿಕೊಳ್ಳಬಾರದು. ಒತ್ತುವವರು ಫಿಸಿಯೋಥೆರಪಿ ಪದವಿ ಪಡೆದವರೇ ಎಂದು ಕೇಳಲು ಸಂಕೋಚ ಬೇಡ.

ಮನೆಯಲ್ಲಿ ಮಾಡಬಹುದಾದದ್ದೂ ಉಂಟು. ಮುಂಜಾನೆ ಕಾಲೂರಿದಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುವವರು ಕುಳಿತು, ಅಂಗಾಲಿನ ಕೆಳಗೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಇಟ್ಟು ಮೆಲ್ಲಗೆ ಉರುಳಿಸಬಹುದು. ಕುಳಿತು ದುಡಿಯುವವರು ಅರ್ಧ ಗಂಟೆಗೊಮ್ಮೆ ಎದ್ದು, ಕೈ ಮೇಲೆತ್ತಿ ಮೈ ಮುರಿಯಬೇಕು.

ಹೇಳುವುದು ಸುಲಭ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಎಣಿಸುವಾಗ, ಎದ್ದ ಪ್ರತಿ ಗಳಿಗೆಯೂ ಕೂಲಿಯಲ್ಲಿ ಕಡಿತವೇ. ಬಿಡಿಸಿದ ನಡ ಮರುದಿನ ಅದೇ ಮೊರದ ಮುಂದೆ ಮತ್ತೆ ಬಾಗುತ್ತದೆ. ಬಿಡುವಿಗೂ ಬೆಲೆ ಕಟ್ಟಿ ಕೊಡುವ ಮನಸ್ಸು ಕೆಲಸ ಕೊಡುವವರಿಗೆ ಬಾರದೆ, ಎಂಥ ನುರಿತ ಕೈಗೂ ಈ ನೋವನ್ನು ಪೂರಾ ಬಿಡಿಸಲಾಗದು.